ಕಬ್ಬಿಣದ ಸಿರಪ್ಪೋ, ಸಾರವರ್ಧಿತ ಅಕ್ಕಿಯೋ?

ಊರಿನ ಪುಟ್ಟ ಮಕ್ಕಳ ರಕ್ತಹೀನತೆ ತಡೆಯಲು ಕಬ್ಬಿಣದ ಸಿರಪ್, ಸಾರವರ್ಧಿತ ಅಕ್ಕಿ (ಕಬ್ಬಿಣದಂಥ ಪೋಷಕಾಂಶ ಬೆರೆಸಿದ ಅಕ್ಕಿ) ಇವೆರಡರಲ್ಲಿ ಯಾವುದಕ್ಕೆ ಒತ್ತು ಕೊಡಲಿ ಎಂದು ಕೇಳಿದ್ದೀರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ಅದಿತ್ತು.

ಮೊದಲು ಪ್ರಮಾಣ. ಸಿರಪ್‌ನ 1 ಮಿ.ಲೀ.ನಲ್ಲಿ 20 ಮಿ.ಗ್ರಾಂ ಕಬ್ಬಿಣ, ವಾರಕ್ಕೆರಡು ಸಲ. ಅಕ್ಕಿಯಲ್ಲಿ ಕಿಲೋಗೆ 28ರಿಂದ 42.5 ಮಿ.ಗ್ರಾಂ, ಎರಡು ತುತ್ತು ಉಣ್ಣುವ ಕೂಸಿಗೆ ಅದೆಷ್ಟು ಸೇರೀತು? ಎರಡು ವರ್ಷದೊಳಗಿನವರಿಗೆ ನನ್ನ ಒಲವು ಸಿರಪ್ ಕಡೆಗೇ.

ಸುಲಭದಲ್ಲಿ ಅಕ್ಕಿ ಮುಂದೆ, ಯಾರೂ ನೆನಪಿಡಬೇಕಿಲ್ಲ. ಸಿರಪ್ ಕುಡಿದ ಮಗುವಿನ ಮಲ ಕಪ್ಪಾದರೆ ತಾಯಂದಿರು ಹೆದರಿ ನಿಲ್ಲಿಸಿಬಿಡಬಹುದು. ಆಶಾ ಕಾರ್ಯಕರ್ತೆ ಮನೆಗೇ ಹೋಗಿ ಧೈರ್ಯ ಹೇಳಬೇಕು. ಆಶಾ ಇಲ್ಲದ ಊರಲ್ಲಿ, ಅಂಗನವಾಡಿಯಲ್ಲೇ ಉಣ್ಣುವ ಮೂರು ದಾಟಿದ ಮಕ್ಕಳಿಗೆ ಅಕ್ಕಿಯನ್ನೇ ನೆಚ್ಚಬಹುದು. ಜಂತುಹುಳು ಮಾತ್ರೆ ಎರಡರ ಜೊತೆಗೂ ಬೇಕು.