ಮುಂಬಾಗಿಲಿಗೆ ಮೂರು ಬೋಲ್ಟ್‌ನ ಲಾಕ್: ಹಾಕಿಸಬಹುದೇ?

ಬಾಗಿಲ ಹೊರಗೆ ತೂಗುವ ಬೀಗ ಎಷ್ಟೇ ದಪ್ಪವಿರಲಿ, ಮನೆಯಲ್ಲಿ ಯಾರೂ ಇಲ್ಲವೆಂದು ಬೀದಿಗೆಲ್ಲ ಸಾರುತ್ತದೆ. ಬೀಗ ಗಟ್ಟಿಯಿದ್ದರೆ ಕಳ್ಳರು ಅದರ ತಂಟೆಗೇ ಹೋಗುವುದಿಲ್ಲ. ಸಲಾಕೆ ತೂರಿಸಿ ಚಿಲಕದ ಕೊಂಡಿ ಮೀಟುತ್ತಾರೆ. ಗೋದ್ರೆಜ್ ಟ್ರೈಬೋಲ್ಟ್‌ನಂಥ, ಕೀಲಿ ತಿರುಗಿಸಿದರೆ ಮೂರು ಬೋಲ್ಟ್ (ಲೋಹದ ಸರಳು) ಚೌಕಟ್ಟಿಗೆ ಹೋಗಿ ಕೂರುವ ಲಾಕ್ ಬಾಗಿಲ ಒಳಮೈಗೆ ಕೂರುತ್ತದೆ, ಹೊರಗೆ ಕಾಣುವುದು ಕೀಲಿ ತೂತು ಮಾತ್ರ. ಮನೆಯವರು ಮಲಗಿದ್ದಾರೋ ಊರಿಗೆ ಹೋಗಿದ್ದಾರೋ ಬಾಗಿಲು ನೋಡಿ ಹೇಳಲಾಗದು. ಮೂರು ಬೋಲ್ಟ್‌ಗಿಂತ ದೊಡ್ಡ ಲಾಭ ಇದೇ.

ಆದರೆ ಗ್ರಿಲ್ ಗೇಟಿಗೆ ಹೊರಗಡೆ ಬೀಗ ನೇತುಹಾಕಿದರೆ ಎಲ್ಲವೂ ವ್ಯರ್ಥ. ಕಂಬಿಯೊಳಗೆ ಕೈ ಹಾಕಿ ಒಳಬದಿಗೆ ಬೀಗ ಜಡಿಯಿರಿ. ಬಾಗಿಲ ಹೊರಗಿನ ಹಳೆ ಚಿಲಕವನ್ನೂ ತೆಗೆಸಿ. ಪಕ್ಕದ ಮನೆಗೆ ನುಗ್ಗುವ ಮೊದಲು ಅಕ್ಕಪಕ್ಕದವರ ಬಾಗಿಲಿಗೆ ಹೊರಚಿಲಕ ಹಾಕುವುದು ಕಳ್ಳರ ಹಳೇ ವರಸೆ.

ಕೊಳ್ಳುವಾಗ ಎರಡು ಬಗೆ ಸಿಗುತ್ತವೆ. ಎರಡೂ ಬದಿ ಕೀಲಿ ಬೇಕಾದದ್ದು ಹೆಚ್ಚು ಭದ್ರ ಅನಿಸಿದರೂ ಬೆಂಕಿ ಬಿದ್ದಾಗ ಕತ್ತಲಲ್ಲಿ ಕೀಲಿ ಹುಡುಕುವ ಪಾಡು ಯಾರಿಗೂ ಬೇಡ. ಹೊರಗೆ ಕೀಲಿ, ಒಳಗೆ ತಿರುಗುವ ಗುಂಡಿ ಇರುವುದೇ ಮನೆಗೆ ಸರಿ. ಬಾಗಿಲ ಪಕ್ಕದಲ್ಲೇ ತೆರೆದ ಕಿಟಕಿಯೋ ಗಾಜೋ ಇದ್ದು ಗುಂಡಿಗೆ ಕೈ ಎಟುಕುವಂತಿದ್ದರೆ ಮೊದಲು ಅಲ್ಲಿ ಜಾಲರಿ ಹಾಕಿಸಿ. ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ ಎಂಬುದನ್ನೂ ಬಾಗಿಲ ದಪ್ಪವನ್ನೂ ಅಂಗಡಿಯವರಿಗೆ ಹೇಳಿಯೇ ಕೊಳ್ಳಿ.

ಕೆಲಸ ಕೆಡುವುದು ಜೋಡಣೆಯಲ್ಲಿ. ಬೋಲ್ಟ್ ಹೋಗಿ ಕೂರುವ ಚೌಕಟ್ಟಿನ ಪಟ್ಟಿಗೆ ಬಡಗಿಗಳು ಅರ್ಧ ಇಂಚಿನ ಸ್ಕ್ರೂ ಹೊಡೆದು ಎದ್ದುಬಿಡುತ್ತಾರೆ. ಒಂದೇ ಒದೆತಕ್ಕೆ ಮರ ಸೀಳಿ ಪಟ್ಟಿ ಕಿತ್ತು ಬರುತ್ತದೆ, ಲಾಕ್ ಮಾತ್ರ ಸುರಕ್ಷಿತವಾಗಿರುತ್ತದೆ! ಎರಡೂವರೆ ಇಂಚಿನ ಸ್ಕ್ರೂ ಕೊಟ್ಟು, ಮೊದಲು ಸಣ್ಣ ತೂತು ಕೊರೆಸಿ, ಆಮೇಲೆ ಬಿಗಿಸಲು ಹೇಳಿ. ಗೆದ್ದಲು ತಿಂದ ಚೌಕಟ್ಟಾದರೆ ಲಾಕಿಗೆ ದುಡ್ಡು ಹಾಕಲೇಬೇಡಿ.

ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ ಮರದ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ, ಮಲೆನಾಡು ಕರಾವಳಿಯಲ್ಲಂತೂ ಹೇಳುವುದೇ ಬೇಡ. ಬಾಗಿಲು ಎತ್ತಿ ಹಿಡಿದರೆ ಮಾತ್ರ ಕೀಲಿ ತಿರುಗುತ್ತಿದೆ ಎಂದರೆ ಬೋಲ್ಟ್ ಪಟ್ಟಿಗೆ ಉಜ್ಜುತ್ತಿದೆ; ಬಲವಂತ ಮಾಡಿದರೆ ಕೀಲಿ ಒಳಗೇ ಮುರಿದೀತು. ಪಟ್ಟಿಯ ತೂತನ್ನು ಅರದಿಂದ ಒಂದೆರಡು ಮಿಲಿಮೀಟರ್ ಉಜ್ಜಿಸಿದರೆ ಸಾಕು. ಕೊಬ್ಬರಿ ಎಣ್ಣೆ ಬಿಡಬೇಡಿ, ಧೂಳು ಹಿಡಿದು ಗಟ್ಟಿಯಾಗುತ್ತದೆ. ಗ್ರಾಫೈಟ್ ಪುಡಿ ಹಾಕಿ.

ಒಂದು ಕೊರತೆ: ಬಾಗಿಲು ಎಳೆದುಕೊಂಡರೆ ತಾನಾಗಿ ಬೀಳುವ ಲಾಕ್ ಇದಲ್ಲ. ಪ್ರತಿ ಸಲ ಕೀಲಿ ತಿರುಗಿಸಲೇಬೇಕು. ಹಾಲು ತರಲು ಹೋಗುವವರು ಇದನ್ನು ಮರೆಯುವುದೇ ಹೆಚ್ಚು. ಆದರೆ ಗಾಳಿಗೆ ಬಾಗಿಲು ಬಡಿದುಕೊಂಡು ನೀವೇ ಹೊರಗುಳಿಯುವ ಫಜೀತಿ ಇರುವುದಿಲ್ಲ. ಮನೆಮಂದಿಗೆಲ್ಲ ಒಂದೊಂದು ಕೀಲಿ ಮಾಡಿಸಿಕೊಡಿ, ಇಲ್ಲದಿದ್ದರೆ ಅದು ಚಪ್ಪಲಿ ಸ್ಟ್ಯಾಂಡಿಗೋ ಮೀಟರ್ ಬಾಕ್ಸಿಗೋ ಹೋಗಿ ಸೇರುತ್ತದೆ.