ಹೂಡಿಕೆ ಪ್ಲಾಟ್‌ಫಾರ್ಮ್ ಬದಲಿಸಿದ ಮೇಲೆ: ಶುಲ್ಕಗಳ ಪೂರ್ತಿ ಲೆಕ್ಕ

ನನ್ನ ಹೂಡಿಕೆಯನ್ನೆಲ್ಲ ಹಳೆಯ ಪ್ಲಾಟ್‌ಫಾರ್ಮಿನಿಂದ ಹೊಸದಕ್ಕೆ ಸಾಗಿಸಿ ವರ್ಷ ದಾಟಿದೆ. ಈಗ ಕೈಯಲ್ಲಿ ಪೂರ್ತಿ ವರ್ಷದ ಸ್ಟೇಟ್‌ಮೆಂಟ್ ಇದೆ, ಹಾಗಾಗಿ ಧೈರ್ಯವಾಗಿ ಬರೆಯಬಹುದು. ಹೊಸದಕ್ಕೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಎರಡರ ಹೆಸರನ್ನೂ ಹೇಳುತ್ತಿಲ್ಲ. ದರಪಟ್ಟಿಗಳು ವರ್ಷ ವರ್ಷ ಬದಲಾಗುತ್ತವೆ, ಲೆಕ್ಕ ಹಾಕುವ ಕ್ರಮ ಮಾತ್ರ ಹಾಗೇ ಇರುತ್ತದೆ. ಅಂಕಿಗಳ ಮುಂದೆ ಕರೆನ್ಸಿಯನ್ನೂ ಹಾಕಿಲ್ಲ, ನಿಮ್ಮ ನಿಮ್ಮ ಹಣದಲ್ಲಿ ಓದಿಕೊಳ್ಳಿ.

ಮೊದಲು ನನ್ನ ಹೂಡಿಕೆಯ ಸ್ವರೂಪ ಹೇಳಿಬಿಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಒಟ್ಟು ಮೌಲ್ಯ ಹತ್ತು ಲಕ್ಷ, 14 ಬೇರೆ ಬೇರೆ ಫಂಡು ಮತ್ತು ಷೇರುಗಳಲ್ಲಿ. ತಿಂಗಳಿಗೊಮ್ಮೆ ತಾನಾಗಿಯೇ ಹೋಗುವ ಕಂತು ಬಿಟ್ಟರೆ ನಾನು ಕೊಡು-ಕೊಳ್ಳುವುದು ಬಹಳ ಅಪರೂಪ. ಸ್ವಲ್ಪ ಭಾಗ ವಿದೇಶಿ ಷೇರುಗಳಲ್ಲಿದೆ. ದಿನವೂ ವಹಿವಾಟು ಮಾಡುವವರಿಗೆ ನನ್ನ ತೀರ್ಮಾನ ಉಪಯೋಗಕ್ಕೆ ಬಾರದು.

ಹಳೆಯ ಪ್ಲಾಟ್‌ಫಾರ್ಮ್ ಒಟ್ಟು ಮೌಲ್ಯದ ಶೇ. 0.4ರಷ್ಟನ್ನು ವರ್ಷಕ್ಕೆ ತೆಗೆದುಕೊಳ್ಳುತ್ತಿತ್ತು. ಅಂದರೆ ನನ್ನಿಂದ 4,000. ಹೊಸದರಲ್ಲಿ ಮೌಲ್ಯ ಎಷ್ಟೇ ಇರಲಿ ತಿಂಗಳಿಗೆ 200, ವರ್ಷಕ್ಕೆ 2,400. ವರ್ಷಕ್ಕೆ 1,600 ಉಳಿತಾಯ ಎಂದು ಅವರ ಹೋಲಿಕೆ ಪುಟವೇ ತೋರಿಸುತ್ತದೆ. ಆ ಪುಟದಲ್ಲಿ ಸುಳ್ಳೇನೂ ಇಲ್ಲ, ಆದರೆ ಅರ್ಧ ಮಾತ್ರ ಇದೆ.

ನನ್ನ ತಂಗಿ ಇದೇ ಪುಟ ನೋಡಿ ತಾನೂ ಬರುತ್ತೇನೆ ಅಂದಳು. ಬೇಡ ಅಂದೆ. ಅವಳ ಹೂಡಿಕೆ ಎರಡೂವರೆ ಲಕ್ಷ. ಹಳೆಯ ಕಡೆ ಅವಳು ಕೊಡುವುದು ವರ್ಷಕ್ಕೆ 1,000. ಹೊಸ ಕಡೆ ಬಂದರೆ ಅದೇ 2,400, ಅಂದರೆ ಹತ್ತಿರ ಹತ್ತಿರ ಶೇ. 1. ಈ ಎರಡು ದರಗಳು ಸರಿಸಮವಾಗುವುದು ಆರು ಲಕ್ಷದ ಹತ್ತಿರ. ಅದಕ್ಕಿಂತ ಕಡಿಮೆ ಇದ್ದರೆ ಶೇಕಡಾ ಲೆಕ್ಕವೇ ಅಗ್ಗ, ಮೇಲಿದ್ದರೆ ನಿಗದಿತ ಶುಲ್ಕವೇ ಅಗ್ಗ. ನಿಮ್ಮ ಗಡಿ ಎಲ್ಲಿದೆ ನೋಡಬೇಕಾದರೆ ವರ್ಷದ ನಿಗದಿತ ಶುಲ್ಕವನ್ನು ಶೇಕಡಾ ದರದಿಂದ ಭಾಗಿಸಿ: 2,400 ಭಾಗಿಸು 0.004. ಇಷ್ಟೇ. ನಾನು ನೋಡಿದ ಯಾವ ಆ್ಯಪ್ ಕೂಡ ಇದನ್ನು ನಮಗೆ ಮಾಡಿಕೊಡುವುದಿಲ್ಲ ಎನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಇನ್ನು ಹೊರಡುವ ಖರ್ಚು. ಹಳೆಯವರು ಪ್ರತಿ ಫಂಡು ಅಥವಾ ಷೇರನ್ನು ವರ್ಗಾಯಿಸಲು 300 ಕೇಳಿದರು, ಖಾತೆ ಮುಚ್ಚಲು 600. ಹದಿನಾಲ್ಕನ್ನೂ ಹಾಗೇ ಸಾಗಿಸಿದರೆ 4,800. ಇಲ್ಲಿ ಎರಡು ದಾರಿಗಳಿವೆ. ಯೂನಿಟ್ಟುಗಳನ್ನು ಮಾರದೆ ಇದ್ದ ಹಾಗೇ ಸಾಗಿಸುವುದು ಒಂದು, ಎಲ್ಲ ಮಾರಿ ನಗದು ಒಯ್ದು ಅಲ್ಲಿ ಮತ್ತೆ ಕೊಳ್ಳುವುದು ಇನ್ನೊಂದು. ಮಾರಿದರೆ ವರ್ಗಾವಣೆ ಶುಲ್ಕ ಉಳಿಯುತ್ತದೆ. ಆದರೆ ಲಾಭ ಬಂದಿದ್ದರೆ ತೆರಿಗೆ ಬೀಳಬಹುದು, ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಇರುವ ಅಂತರ ನಮ್ಮ ಕೈಯಿಂದ ಹೋಗುತ್ತದೆ, ಹಣ ದಾರಿಯಲ್ಲಿರುವ ದಿನಗಳಲ್ಲಿ ಮಾರುಕಟ್ಟೆ ಏರಿದರೆ ಆ ಏರಿಕೆಯೂ ನಮಗಿಲ್ಲ. ನಾನು ಎರಡನ್ನೂ ಬೆರೆಸಿದೆ. ತೀರಾ ಸಣ್ಣ ಮೊತ್ತದ, ಲಾಭವೇ ಇಲ್ಲದ ಐದನ್ನು ತಲಾ 100 ಶುಲ್ಕ ಕೊಟ್ಟು ಮಾರಿದೆ. ಉಳಿದ ಒಂಬತ್ತನ್ನು ಹಾಗೇ ಸಾಗಿಸಿದೆ. ಒಟ್ಟು ಖರ್ಚು 3,800ಕ್ಕೆ ಇಳಿಯಿತು.

ಹೊಸ ಪ್ಲಾಟ್‌ಫಾರ್ಮಿಗೆ ನಾನು ಕೊಡುವ ಅಂಕಗಳಲ್ಲಿ ಹೆಚ್ಚಿನವು ಇಲ್ಲಿಂದ ಬಂದವು. ವರ್ಗಾವಣೆ ಶುಲ್ಕವನ್ನು ನೀವು ಭರಿಸುತ್ತೀರಾ ಎಂದು ಕೇಳಿದ್ದಕ್ಕೆ 2,000ದವರೆಗೆ ಕೊಡುತ್ತೇವೆ ಅಂದರು, ಕೊಟ್ಟರು ಕೂಡ. ಒಂದೂವರೆ ವರ್ಷದೊಳಗೆ ಬಿಟ್ಟುಹೋದರೆ ವಾಪಸು ಕೊಡಬೇಕು ಎಂಬ ಷರತ್ತನ್ನು ಮೊದಲೇ ಲಿಖಿತವಾಗಿ ತಿಳಿಸಿದರು. ಈ ಸೌಲಭ್ಯ ಅವರ ದರಪಟ್ಟಿಯ ಕೊನೆಯ ಪುಟದಲ್ಲಿತ್ತು. ದಯವಿಟ್ಟು ಕೇಳಿ, ಸಂಕೋಚ ಬೇಡ. ಹೊಸ ಗ್ರಾಹಕರನ್ನು ಸೆಳೆಯಲು ಇಂಥ ವ್ಯವಸ್ಥೆ ಇಟ್ಟುಕೊಂಡಿರುವವರು ಹಲವರಿದ್ದಾರೆ.

ಈಗ ಅರ್ಧ ಅಂಕ ಕಡಿಮೆಯಾದ ಕಡೆಗೆ ಬರುತ್ತೇನೆ: ವಿದೇಶಿ ವಿನಿಮಯ. ವರ್ಷದಲ್ಲಿ ನಾನು ಸುಮಾರು ಒಂದು ಲಕ್ಷದಷ್ಟು ವಿದೇಶಿ ಷೇರು ಕೊಳ್ಳುತ್ತೇನೆ, ಇಪ್ಪತ್ತು ಸಾವಿರದಷ್ಟು ಡಿವಿಡೆಂಡ್ (ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು) ಬರುತ್ತದೆ. ಹಳೆಯ ಕಡೆ ಹಣ ಬದಲಿಸಲು ಶೇ. 0.5 ಹಿಡಿಯುತ್ತಿದ್ದರು, ಇಲ್ಲಿ ಶೇ. 1. ಡಿವಿಡೆಂಡನ್ನು ಅದೇ ವಿದೇಶಿ ಹಣದಲ್ಲಿ ಇಟ್ಟುಕೊಂಡು ಮತ್ತೆ ಅಲ್ಲಿನ ಷೇರಿಗೇ ಹಾಕುವ ಅವಕಾಶವೂ ಇಲ್ಲ. ಬಂದ ತಕ್ಷಣ ಬದಲಾಗಿಬಿಡುತ್ತದೆ, ಮತ್ತೆ ಕೊಳ್ಳುವಾಗ ಮತ್ತೊಮ್ಮೆ ಬದಲಾಗುತ್ತದೆ. ಒಟ್ಟು 600 ಇದ್ದದ್ದು 1,200 ಆಯಿತು. 1,600ರ ಉಳಿತಾಯದಲ್ಲಿ 600 ಇಲ್ಲೇ ಕರಗಿತು. ಇದು ಬಿಲ್ಲಿನಲ್ಲಿ ಶುಲ್ಕ ಎಂದು ಕಾಣುವುದೂ ಇಲ್ಲ, ವಿನಿಮಯ ದರದೊಳಗೇ ಸೇರಿಕೊಂಡಿರುತ್ತದೆ. ಆ ದಿನದ ಮಾರುಕಟ್ಟೆ ದರವನ್ನು ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಹಾಗಾದರೆ ನನಗೆ ನಿಜವಾಗಿ ಉಳಿದದ್ದು ಮೊದಲ ವರ್ಷ 1,000. ಮೌಲ್ಯ ವರ್ಷಕ್ಕೆ ಶೇ. 7ರಂತೆ ಬೆಳೆಯುತ್ತದೆ ಎಂದಿಟ್ಟುಕೊಂಡರೆ ಹಳೆಯವರ ಶುಲ್ಕವೂ ಬೆಳೆಯುತ್ತಿತ್ತು, ಹೊಸದು ನಿಂತಲ್ಲೇ ನಿಲ್ಲುತ್ತದೆ. ಎರಡನೇ ವರ್ಷ 1,280, ಮೂರನೇ ವರ್ಷ ಸುಮಾರು 1,580. ಅವರು 2,000 ಕೊಡದಿದ್ದರೆ ನನ್ನ 3,800 ವಸೂಲಾಗಲು ಮೂರು ವರ್ಷ ಹಿಡಿಯುತ್ತಿತ್ತು. ಕೊಟ್ಟಿದ್ದರಿಂದ ಎರಡನೇ ವರ್ಷದಲ್ಲೇ ಮುಗಿಯುತ್ತದೆ. ಮೂರು ವರ್ಷ ಮೀರಿದರೆ ನಾನು ಹೊರಡುತ್ತಿರಲಿಲ್ಲ. ಅಷ್ಟರಲ್ಲಿ ಹೊಸಬರೂ ದರ ಏರಿಸಬಹುದು.

ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟೆಲ್ಲ ತಲೆಬಿಸಿ ಯಾಕೆ ಎಂದು ಕೇಳುವವರಿಗೆ ಒಂದು ಲೆಕ್ಕ. ಹತ್ತು ಲಕ್ಷ, ಶೇ. 7ರ ಬೆಳವಣಿಗೆ, 25 ವರ್ಷ. ವರ್ಷಕ್ಕೆ ಶೇ. 1 ಶುಲ್ಕವಾಗಿ ಹೋಗುತ್ತಿದ್ದರೆ ಕೈಗೆ ಸಿಗುವುದು ಸುಮಾರು 42.9 ಲಕ್ಷ. ಶೇ. 0.25 ಹೋಗುತ್ತಿದ್ದರೆ ಸುಮಾರು 51.2 ಲಕ್ಷ. ಮುಕ್ಕಾಲು ಪರ್ಸೆಂಟಿಗೆ ಎಂಟು ಲಕ್ಷದ ಮೇಲೆ. ಚಕ್ರಬಡ್ಡಿ ನಮ್ಮ ಪರವಾಗಿ ಕೆಲಸ ಮಾಡುವ ಹಾಗೇ ಶುಲ್ಕದ ಪರವಾಗಿಯೂ ಮಾಡುತ್ತದೆ. ವ್ಯಾನ್‌ಗಾರ್ಡ್ ಎಂಬ ಅಮೆರಿಕದ ಫಂಡ್ ಕಂಪನಿಯನ್ನು ಸ್ಥಾಪಿಸಿದ ಜಾನ್ ಬೋಗಲ್ 1976ರಲ್ಲಿ ಸಾಮಾನ್ಯ ಹೂಡಿಕೆದಾರರಿಗೆ ಇಂಡೆಕ್ಸ್ ಫಂಡ್ (ಮಾರುಕಟ್ಟೆ ಸೂಚ್ಯಂಕವನ್ನೇ ಅನುಸರಿಸುವ ಫಂಡ್) ತಂದಾಗಿನಿಂದ ಕೊನೆಯವರೆಗೂ ಒತ್ತಿ ಹೇಳಿದ್ದು ಇದನ್ನೇ.

ಒಂದು ಎಚ್ಚರ: ಫಂಡಿನೊಳಗೇ ಕಡಿತವಾಗುವ ನಿರ್ವಹಣಾ ವೆಚ್ಚ ಬೇರೆ, ಪ್ಲಾಟ್‌ಫಾರ್ಮಿನ ಶುಲ್ಕ ಬೇರೆ. ಪ್ಲಾಟ್‌ಫಾರ್ಮ್ ಬದಲಿಸಿದ ಮಾತ್ರಕ್ಕೆ ಮೊದಲನೆಯದು ಇಳಿಯುವುದಿಲ್ಲ. ಅದೇ ಫಂಡಿನ ಅಗ್ಗದ ಕ್ಲಾಸ್ (ಕಡಿಮೆ ವೆಚ್ಚ ಹಿಡಿಯುವ ರೂಪ) ಹೊಸ ಕಡೆ ಸಿಕ್ಕಿದರಷ್ಟೇ ಇಳಿಯುತ್ತದೆ. ಯುರೋಪಿನ ಒಕ್ಕೂಟದಲ್ಲಿ 2018ರ ಜನವರಿಯಿಂದ ಹೂಡಿಕೆ ಕಂಪನಿಗಳು ಒಟ್ಟು ವೆಚ್ಚವನ್ನು ಮೊತ್ತದಲ್ಲೂ ಶೇಕಡಾವಾರಿನಲ್ಲೂ ಗ್ರಾಹಕರಿಗೆ ತಿಳಿಸಬೇಕೆಂಬ ನಿಯಮವಿದೆ. ಎಲ್ಲ ಕಡೆಯೂ ಹೀಗಾಗಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪ್ರತಿ ಸಲ ಕೊಡು-ಕೊಳ್ಳುವಾಗ ಹಿಡಿಯುವ ಕಮಿಷನ್ನೇ ಇಲ್ಲ ಎನ್ನುವ ಪ್ಲಾಟ್‌ಫಾರ್ಮುಗಳನ್ನೂ ನಾನು ಪರಿಶೀಲಿಸಿದ್ದೆ. ಅಮೆರಿಕದಲ್ಲಿ 1975ರ ಮೇ ತಿಂಗಳಲ್ಲಿ ನಿಗದಿತ ಕಮಿಷನ್ ಪದ್ಧತಿ ಕೊನೆಗೊಂಡ ಮೇಲೆ ದರಗಳು ಇಳಿಯುತ್ತಾ ಬಂದವು. 2019ರ ಅಕ್ಟೋಬರಿನಲ್ಲಿ ಅಲ್ಲಿನ ದೊಡ್ಡ ಬ್ರೋಕರ್ ಕಂಪನಿ ಚಾರ್ಲ್ಸ್ ಶ್ವಾಬ್ ಷೇರು ಕಮಿಷನ್ನನ್ನು ಸೊನ್ನೆಗೆ ಇಳಿಸಿತು, ಪ್ರತಿಸ್ಪರ್ಧಿಗಳು ದಿನಗಳಲ್ಲೇ ಹಿಂಬಾಲಿಸಿದರು. ಆ ಹೊತ್ತಿಗೆ ಶ್ವಾಬ್‌ನ ವರಮಾನದ ದೊಡ್ಡ ಪಾಲು ಬಡ್ಡಿಯಿಂದ ಬರುತ್ತಿತ್ತು. ಅಂದರೆ ಖಾತೆಯಲ್ಲಿ ಸುಮ್ಮನೆ ಕೂತ ನಗದು ಕೂಡ ಪ್ಲಾಟ್‌ಫಾರ್ಮಿಗೆ ಸಂಪಾದನೆಯೇ. ನೀವು ನಗದು ಇಟ್ಟುಕೊಳ್ಳುವವರಾದರೆ ಅದಕ್ಕೆ ಎಷ್ಟು ಬಡ್ಡಿ ಕೊಡುತ್ತಾರೆ ಎನ್ನುವುದು ಕಮಿಷನ್ನಿಗಿಂತ ದೊಡ್ಡ ಅಂಕಿಯಾಗಬಹುದು. ನನ್ನ ಹೊಸ ಪ್ಲಾಟ್‌ಫಾರ್ಮ್ ನಗದಿಗೆ ಕೊಡುವ ಬಡ್ಡಿ ತೀರಾ ಕಡಿಮೆ, ಅದಕ್ಕೆ ಇನ್ನೊಂದು ಅರ್ಧ ಅಂಕ ಹೋಯಿತು. ನಾನು ನಗದು ಇಡುವುದಿಲ್ಲವಾದ್ದರಿಂದ ನಷ್ಟವಿಲ್ಲ.

ಉಳಿದ ಅರ್ಧ ಅಂಕ ವರ್ಗಾವಣೆಯ ವಾರಗಳಿಗೆ. ಯೂನಿಟ್ಟುಗಳು ದಾರಿಯಲ್ಲಿರುವಾಗ ಮಾರಲು ಬರುವುದಿಲ್ಲ. ಆ ಅವಧಿಯಲ್ಲಿ ಬೇಕಾಗುವ ಹಣವನ್ನು ಮೊದಲೇ ಹೊರಗಿಟ್ಟುಕೊಳ್ಳಿ. ಇಡಿಯಾಗಿಲ್ಲದ ಷೇರಿನ ತುಣುಕುಗಳು ಸಾಗಲಿಲ್ಲ, ಹಳೆಯವರು ಮಾರಿ ನಗದು ಕೊಟ್ಟರು. ಅದಕ್ಕಿಂತ ಮುಖ್ಯವಾಗಿ, ಯಾವುದನ್ನು ಯಾವಾಗ ಎಷ್ಟಕ್ಕೆ ಕೊಂಡೆ ಎಂಬ ದಾಖಲೆ ಹೊಸ ಕಡೆ ಬರಲೇ ಇಲ್ಲ. ಎಲ್ಲ ಖರೀದಿ ಬೆಲೆಯೂ ಸೊನ್ನೆ ಎಂದು ತೋರಿಸುತ್ತಿತ್ತು. ಮುಂದೆ ಮಾರಿದಾಗ ತೆರಿಗೆಗೆ ಬೇಕಾಗುವುದು ಅದೇ ಬೆಲೆ. ಹೊರಡುವ ಮೊದಲೇ ಪೂರ್ತಿ ವಹಿವಾಟಿನ ಪಟ್ಟಿ ಇಳಿಸಿಕೊಂಡಿದ್ದೆ, ಅದನ್ನು ಕಳಿಸಿದ ಮೇಲೆ ಅವರ ಸಹಾಯ ವಿಭಾಗದವರು ಒಂದೊಂದಾಗಿ ಸರಿಪಡಿಸಿದರು, ತಾಳ್ಮೆಯಿಂದಲೇ. ಖಾತೆ ಮುಚ್ಚಿದ ಮೇಲೆ ಆ ಪಟ್ಟಿ ಸಿಗುವ ಭರವಸೆಯಿಲ್ಲ.

ಹಳೆಯ ಖಾತೆಯನ್ನು ಮುಚ್ಚಲು ಆತುರ ಪಡಬೇಡಿ. ವರ್ಗಾವಣೆಗೆ ಮೊದಲೇ ಘೋಷಣೆಯಾಗಿ ದಾಖಲೆ ದಿನ (ಅಂದು ಷೇರು ಯಾರ ಹೆಸರಿನಲ್ಲಿದೆಯೋ ಅವರಿಗೇ ಡಿವಿಡೆಂಡ್) ಕಳೆದ ಡಿವಿಡೆಂಡುಗಳು ಆಮೇಲೆ ಹಳೆಯ ಖಾತೆಗೇ ಬರುತ್ತವೆ. ನನಗೆ ಹಾಗೆ ಎರಡು ಬಂದವು. ಅವನ್ನು ತೆಗೆದುಕೊಂಡ ಮೇಲೆ, ಖಾಲಿ ಖಾತೆಗೆ ವಾರ್ಷಿಕ ಶುಲ್ಕ ಬೀಳುವ ತಾರೀಖಿಗಿಂತ ಮುಂಚೆ, ಮುಚ್ಚುವ ಅರ್ಜಿ ಕೊಟ್ಟೆ.