ಒಂದೇ ದಿನದಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್: ಕಿಂಗ್ಸ್ ಚಾಪೆಲ್ ನೋಡಬೇಕೆಂದಿರುವವರು ಮೊದಲು ಇದನ್ನು ಓದಿ

ಊರಿಂದ ಬಂದ ಅಪ್ಪ ಅಮ್ಮನಿಗೆ ಲಂಡನ್ನಿನಿಂದ ‘ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್, ಒಂದೇ ದಿನ, ಗೈಡ್ ಸಹಿತ’ ಬಸ್ ಪ್ರವಾಸ ಬುಕ್ ಮಾಡುತ್ತಿದ್ದರೆ ಸ್ವಲ್ಪ ತಡೆಯಿರಿ. ಇಂಥದ್ದೊಂದು ಬಸ್ಸಿನಲ್ಲಿದ್ದ ಯಾರಿಗೂ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜ್ ಚಾಪೆಲ್‌ನ (ಕಾಲೇಜಿನ ಪ್ರಾರ್ಥನಾ ಮಂದಿರ) ಹೊಸ್ತಿಲು ದಾಟಲಾಗಲಿಲ್ಲ. ಕಾರಣ ದುರದೃಷ್ಟವಲ್ಲ, ವೇಳಾಪಟ್ಟಿ.

ಬೆಳಿಗ್ಗೆ ಎಂಟಕ್ಕೆ ಲಂಡನ್ ಬಿಟ್ಟ ಬಸ್ಸು ಹತ್ತರ ಸುಮಾರಿಗೆ ಆಕ್ಸ್‌ಫರ್ಡ್ ಸೇರಿತು. ಅಲ್ಲಿ ಎರಡೂವರೆ ಗಂಟೆ. ಅಲ್ಲಿಂದ ಕೇಂಬ್ರಿಡ್ಜಿಗೆ ಹೆಚ್ಚುಕಡಿಮೆ 130 ಕಿ.ಮೀ., ರಸ್ತೆ ಖಾಲಿಯಿದ್ದರೂ ಎರಡು ಗಂಟೆ ಬೇಕು. ಕ್ವೀನ್ಸ್ ರೋಡಿನಲ್ಲಿ ಇಳಿಸಿದಾಗ ಮೂರು ದಾಟಿತ್ತು. ಕ್ಯಾಮ್ ನದಿ ದಾಟಿ ಕಾಲೇಜಿನ ಮುಂದಿನ ಬೀದಿ ಕಿಂಗ್ಸ್ ಪರೇಡಿಗೆ ನಡೆಯಬೇಕು, ನಡುವೆ ಶೌಚಾಲಯದ ಸಾಲು, ವಯಸ್ಸಾದವರ ನಿಧಾನ ನಡಿಗೆ. ಬಾಗಿಲ ಬಳಿ ಹೋದಾಗ ಪ್ರವಾಸಿಗರ ಪ್ರವೇಶ ಮುಗಿದುಹೋಗಿತ್ತು.

ಆ ಚಾಪೆಲ್‌ನಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. ಟರ್ಮ್ ದಿನಗಳಲ್ಲಿ, ಅಂದರೆ ಪಾಠ ನಡೆಯುವ ತಿಂಗಳುಗಳಲ್ಲಿ, ಸಂಜೆಯ ಈವನ್‌ಸಾಂಗ್ (ಹಾಡಿನೊಡನೆ ನಡೆಯುವ ಪ್ರಾರ್ಥನೆ) ಇರುವುದರಿಂದ ಪ್ರವಾಸಿಗರಿಗೆ ಮಧ್ಯಾಹ್ನವೇ ಬಾಗಿಲು ಹಾಕುತ್ತಾರೆ. ಭಾನುವಾರ ಬೆಳಗಿನ ಹೊತ್ತು ತೆರೆಯುವುದೇ ಇಲ್ಲ. ಅಂದಮೇಲೆ ಆಕ್ಸ್‌ಫರ್ಡ್ ಮೊದಲು, ಕೇಂಬ್ರಿಡ್ಜ್ ಆಮೇಲೆ ಎಂದು ಹೆಣೆದ ಪ್ರವಾಸ ಟರ್ಮ್ ದಿನಗಳಲ್ಲಿ ಚಾಪೆಲ್ ತೋರಿಸುವುದು ಬಹುತೇಕ ಅಸಾಧ್ಯ. ಇದು ಆಯೋಜಕರಿಗೆ ಗೊತ್ತಿರದ ವಿಷಯವಲ್ಲ.

ಜಾಹೀರಾತಿನ ಭಾಷೆಯನ್ನು ಗಮನಿಸಿ. ‘ಚಾಪೆಲ್ ನೋಡಿ’ ಎಂದರೆ ಹೊರಗೆ ನಿಂತು ನೋಡುವುದು. ‘ಪ್ರವೇಶ ಟಿಕೆಟ್ ಸೇರಿದೆ’ ಎಂದಿದ್ದರೆ ಮಾತ್ರ ಒಳಗೆ.

ಹೊರಗಿನಿಂದ ನೋಡಿ ಹಿಂತಿರುಗುವುದು ನಿಜಕ್ಕೂ ದೊಡ್ಡ ನಷ್ಟ. ಇಂಗ್ಲೆಂಡಿನ ದೊರೆ ಆರನೇ ಹೆನ್ರಿ 1446ರಲ್ಲಿ ಅಡಿಗಲ್ಲು ಹಾಕಿದ ಕಟ್ಟಡ. ಸಿಂಹಾಸನಕ್ಕಾಗಿ ನಡೆದ ರೋಸಸ್ ಯುದ್ಧಗಳಿಂದ ಕೆಲಸ ನಿಂತು, ಮತ್ತೆ ಶುರುವಾಗಿ, ಕಲ್ಲಿನ ಕೆಲಸ ಮುಗಿದದ್ದು 1515ರಲ್ಲಿ. ಮೊದಲು ತಂದ ಬಿಳಿ ಸುಣ್ಣಕಲ್ಲಿಗೂ ಆಮೇಲೆ ತಂದ ಕಲ್ಲಿಗೂ ಬಣ್ಣ ಬೇರೆ, ಗೋಡೆಯಲ್ಲೇ ಗುರುತು ಹಿಡಿಯಬಹುದು. ಆದರೆ ಜಾನ್ ವಾಸ್ಟೆಲ್ ಕಟ್ಟಿದ ಫ್ಯಾನ್ ವಾಲ್ಟ್ ಛಾವಣಿ ಒಳಗೆ ತಲೆಯೆತ್ತಿ ನಿಂತವರಿಗೆ ಮಾತ್ರ. ಸುಮಾರು 24 ಮೀಟರ್ ಎತ್ತರದಲ್ಲಿ ಕಲ್ಲು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ನಡುವಿನ ಮರದ ತೆರೆಯಲ್ಲಿ ಎಂಟನೇ ಹೆನ್ರಿ ಮತ್ತು ಅವನ ರಾಣಿ ಆನ್ ಬೊಲಿನ್ ಹೆಸರಿನ ಮೊದಲಕ್ಷರಗಳನ್ನು ಕೆತ್ತಿದ್ದಾರೆ, ಹುಡುಕಿ ನೋಡಿ. ಬಣ್ಣದ ಗಾಜಿನ ಕಿಟಕಿಗಳು ಹೊರಗಿನಿಂದ ಬರೀ ಕಪ್ಪಾಗಿ ಕಾಣುತ್ತವೆ. ಇಷ್ಟನ್ನೂ ಸಮಾಧಾನವಾಗಿ ನೋಡಲು ಒಂದು ಗಂಟೆ ಬೇಕು.

ಹಣ ಕೊಡುವ ಮುನ್ನ ಇಮೇಲ್‌ನಲ್ಲೇ ಕೇಳಿ: ಯಾವ ಊರು ಮೊದಲು, ಕೇಂಬ್ರಿಡ್ಜಿನಲ್ಲಿ ಎಷ್ಟು ಹೊತ್ತು, ಚಾಪೆಲ್ ಮುಚ್ಚಿದ್ದರೆ ಹಣ ವಾಪಸ್ ಉಂಟೇ. ಗೈಡ್‌ಗೆ ಬ್ಲೂ ಅಥವಾ ಗ್ರೀನ್ ಬ್ಯಾಜ್ (ಮಾನ್ಯತೆ ಪಡೆದ ಗೈಡ್‌ನ ಗುರುತು) ಇದೆಯೇ ಎಂದೂ ಕೇಳಿ, ಏಕೆಂದರೆ ಹೆಚ್ಚಿನ ಕಾಲೇಜುಗಳು ಬೇರೆ ಗೈಡ್‌ಗಳ ಗುಂಪನ್ನು ಒಳಗೆ ಬಿಡುವುದಿಲ್ಲ. ವಸಂತದ ಕೊನೆಯಿಂದ ಜೂನ್ ನಡುವಿನವರೆಗೆ ಪರೀಕ್ಷೆ. ಆಗ ಹಲವು ಕಾಲೇಜುಗಳು ಪ್ರವಾಸಿಗರಿಗೆ ಮುಚ್ಚಿರುತ್ತವೆ. ಕಿಂಗ್ಸ್ ಪರೇಡಿನಲ್ಲಿ ದೋಣಿ ಸವಾರಿ ಮಾರುವವರು ಮುತ್ತಿಕೊಂಡರೆ ‘ಬೇಡ’ ಎಂದು ಮುಂದೆ ನಡೆಯಿರಿ. ಉದ್ದ ಕೋಲಿನಿಂದ ನೂಕುವ ಆ ಪಂಟ್ ದೋಣಿ ಚೆನ್ನಾಗಿಯೇ ಇರುತ್ತದೆ, ಆದರೆ ಮುಕ್ಕಾಲು ಗಂಟೆ ಅಲ್ಲೇ ಹೋಗುತ್ತದೆ.

ನಿಜ ಹೇಳಬೇಕೆಂದರೆ ಬಸ್ಸೇ ಬೇಡ. ಲಂಡನ್ನಿನ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಿಂದ ಕೇಂಬ್ರಿಡ್ಜಿಗೆ ವೇಗದ ರೈಲು ಸುಮಾರು 50 ನಿಮಿಷ. ಮೂರರಿಂದ ಒಂಬತ್ತು ಜನ ಒಟ್ಟಿಗೆ ಹೊರಟರೆ ಆಫ್-ಪೀಕ್ (ಜನಸಂದಣಿಯಿಲ್ಲದ ಹೊತ್ತಿನ) ಟಿಕೆಟ್ಟಿನಲ್ಲಿ ಗ್ರೂಪ್‌ಸೇವ್ ರಿಯಾಯಿತಿ ಕೇಳಿ, ಮೂರನೇ ಒಂದು ಭಾಗ ಉಳಿಯುತ್ತದೆ. ಸ್ಟೇಷನ್ನಿನಿಂದ ಊರ ನಡುವಿಗೆ ಸುಮಾರು ಎರಡು ಕಿ.ಮೀ., ಹಿರಿಯರಿದ್ದರೆ ಸಿಟಿ ಬಸ್ ಹಿಡಿಯಿರಿ. ಚಾಪೆಲ್ ಟಿಕೆಟ್ಟನ್ನು ಕಾಲೇಜಿನ ವೆಬ್‌ಸೈಟಿನಲ್ಲೇ ಕೊಳ್ಳಿ, ಬೆಳಗಿನ ಸಮಯ ಆರಿಸಿ, ಹೊರಡುವ ಹಿಂದಿನ ದಿನ ಅವರ ಕ್ಯಾಲೆಂಡರ್ ಇನ್ನೊಮ್ಮೆ ನೋಡಿ. ರೆಕಾರ್ಡಿಂಗ್, ಸಂಗೀತ ಕಛೇರಿ ಇದ್ದರೆ ಮುಚ್ಚಿರಬಹುದು. ಆಕ್ಸ್‌ಫರ್ಡಿಗೆ ಇನ್ನೊಂದು ದಿನ, ಲಂಡನ್ನಿನ ಪ್ಯಾಡಿಂಗ್ಟನ್ ಸ್ಟೇಷನ್ನಿನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ.

ಈಗಾಗಲೇ ಬುಕ್ ಮಾಡಿ ತಡವಾಗಿ ತಲುಪಿದವರಿಗೂ ಟರ್ಮ್ ದಿನಗಳಲ್ಲಿ ಒಂದು ದಾರಿಯಿದೆ: ಈವನ್‌ಸಾಂಗ್. ಹಣ ಕೊಡಬೇಕಿಲ್ಲ, ಸರದಿಯಲ್ಲಿ ನಿಂತರೆ ಆಯಿತು. ಆ ಹೊತ್ತಿನಲ್ಲಿ ಒಳಗೆ ಓಡಾಡುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಸಾಮಾನ್ಯವಾಗಿ ಶುರುವಾಗುವುದು ಸಂಜೆ 5.30ಕ್ಕೆ, ಹಾಗಾಗಿ ನಿಮ್ಮ ಬಸ್ಸು ಐದಕ್ಕೇ ಹೊರಡುವುದಾದರೆ ವಾಪಸಿಗೆ ರೈಲು ಹಿಡಿಯುತ್ತೇವೆಂದು ಗೈಡ್‌ಗೆ ಮೊದಲೇ ಹೇಳಿಬಿಡಿ.